ದುಭಾಷಿ ತಡವರಿಸಿದ ದಿನ

ಒಂದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇದ್ದದ್ದು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಅದರ ಭಾಷೆಯೇ ಬೇರೆ. ಆ ಭಾಷೆ ಕಲಿತು ಬಂದ ಆಟ ಚದುರಂಗ ಒಂದೇ. ಆಮೇಲೆ ಯಾರೋ ಪುಣ್ಯಾತ್ಮರು ಬೇರೆ ಭಾಷೆಯ ಆಟಗಳ ಮಾತನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶವೊಂದನ್ನು, ಒಬ್ಬ ದುಭಾಷಿಯನ್ನು, ಬರೆದು ಪುಕ್ಕಟೆ ಕೊಟ್ಟರು. ಹೊರಗಿನ ಆಟಗಳು ಸಾಲಾಗಿ ಬಂದವು. ಮಕ್ಕಳು ಚದುರಂಗವನ್ನು ಮರೆತರು.

ಕಾರು ಓಟದ ಆಟ ಕಂಪ್ಯೂಟರಿಗೆ ಹೇಳಿತು: "ಪರವಾಗಿಲ್ಲಯ್ಯ, ನನ್ನ ಭಾಷೆ ಚೆನ್ನಾಗಿ ಕಲಿತಿದ್ದೀಯ."

"ಒಂದಕ್ಷರವೂ ಕಲಿತಿಲ್ಲ. ನಡುವೆ ನಿಂತವನನ್ನು ನೋಡು."

ಕಾರು ದುಭಾಷಿಯನ್ನು ಕಂಡದ್ದೇ ಆಗ. "ಇಷ್ಟು ದಿನ ಎಲ್ಲಿದ್ದೆ?"

"ಇಲ್ಲೇ. ತಪ್ಪಿದ ದಿನವಷ್ಟೇ ನಾನು ಕಣ್ಣಿಗೆ ಬೀಳುತ್ತೇನೆ."

ಹೊರಡಲು ಗಂಟು ಕಟ್ಟುತ್ತಿದ್ದ ಚದುರಂಗ ಕೇಳಿತು: "ಹಾಗಾದರೆ ನಾನು ಕಲಿತದ್ದು ದಂಡವೇ?"

"ಕಲಿ ಎಂದು ನಿನಗೆ ಹೇಳಿದವರು ಯಾರು?" ಕಾರು ನಕ್ಕಿತು.

"ನಾಳೆ ಹೊರಡುವೆಯಂತೆ, ಇರು" ಎಂದಿತು ಕಂಪ್ಯೂಟರ್.

ಮರುದಿನ ಕಾರು ಹೊಸ ಆವೃತ್ತಿಯಾಗಿ, ಹೊಸ ಮಾತುಗಳನ್ನು ಹೊತ್ತು ಬಂತು. ದುಭಾಷಿ ತಡವರಿಸಿದ. ಕಾರು ಹೊರಡುವ ಗೆರೆಯ ಮೇಲೇ ನಿಂತುಬಿಟ್ಟಿತು. ಕಾದು ಬೇಸತ್ತ ಮಕ್ಕಳು ಚದುರಂಗ ತೆರೆದರು.

"ನನಗೆ ನಾಲ್ಕು ದಿನ ಬೇಕು" ಎಂದ ದುಭಾಷಿ.

ಕಾರು ಚದುರಂಗದ ಬಳಿ ದನಿ ತಗ್ಗಿಸಿ ಕೇಳಿತು: "ಅಣ್ಣ, ಈ ಮನೆಯ ಭಾಷೆಯಲ್ಲಿ ಚಕ್ರಕ್ಕೆ ಏನೆನ್ನುತ್ತಾರೆ?"