ನಕ್ಷೆಯ ನೀಲಿ ಚುಕ್ಕಿ

“ಗುರುಗಳೇ, ಕೆಟ್ಟವನಿಗೆ ಹೇಳಿದ ಸುಳ್ಳಿಗೂ ಪಾಪವಿದೆಯೇ?” ಎಂದು ಶಿಷ್ಯ ನಗುತ್ತಾ ಕೇಳಿದ. ಮಠದ ಮೇಲೆ ಹಗೆ ಸಾಧಿಸುತ್ತಿದ್ದ ಜಹಗೀರುದಾರನ ಆಳುಗಳು ಬರುತ್ತಾರೆಂದು ತಿಳಿದು, ಅವನು ಬೆಳಿಗ್ಗೆಯೇ ಹೋಗಿ ಕವಲುದಾರಿಯ ಕೈಮರವನ್ನು ಕಾಡಿನ ಕಡೆಗೆ ತಿರುಗಿಸಿ ಬಂದಿದ್ದ.

ಗುರುಗಳ ಮುಖ ಕೆಂಪಾಯಿತು. “ಹಲ್ಲು ಕಿರಿದದ್ದು ಸಾಕು. ಕೂತು ಕೇಳು” ಎಂದರು.

ಎತ್ತರದ ಒಂದು ಹುಲ್ಲುಗಾವಲು. ಸುತ್ತ ಊರಿಲ್ಲ, ಕೇರಿಯಿಲ್ಲ. ಅಲ್ಲಿ ಒಬ್ಬ ದನಗಾಹಿಯಿದ್ದ. ಬೇಸಿಗೆಯಲ್ಲೂ ಬತ್ತದ ಒಂದೇ ಒಂದು ಬುಗ್ಗೆ ಅವನ ದನಗಳನ್ನು ಸಾಕುತ್ತಿತ್ತು. ಒಮ್ಮೆ ನಕ್ಷೆ ಬರೆಯಲು ಸರ್ವೆಯವನು ಬಂದ. ಗುಡ್ಡಗಳ ಏರಿಳಿತವನ್ನೆಲ್ಲ ಗೆರೆಗೆರೆಯಾಗಿ ಬರೆದುಕೊಂಡು, ನೀರೆಲ್ಲಿದೆ ಎಂದು ಕೇಳಿದ. ನೀರಿನ ಸುಳಿವು ಸಿಕ್ಕರೆ ದೊರೆಯ ಆಳುಗಳು ಅವನ ದನಗಳನ್ನು ತಂದು ತನ್ನನ್ನು ಒಕ್ಕಲೆಬ್ಬಿಸುತ್ತಾರೆ ಎಂದು ದನಗಾಹಿಗೆ ಮೈಯೆಲ್ಲ ಉರಿಯಿತು. ಬುಗ್ಗೆಯಿದ್ದದ್ದು ದಕ್ಷಿಣಕ್ಕೆ, ಅವನು ಉತ್ತರದ ಕಲ್ಲುಕೊರಕಲಿನತ್ತ ಕೈ ತೋರಿಸಿದ. ಸರ್ವೆಯವನಿಗೂ ಅಷ್ಟು ದೂರ ನಡೆಯಲು ಸೋಮಾರಿತನ. ಕೂತಲ್ಲೇ ನೀಲಿ ಚುಕ್ಕಿಯಿಟ್ಟ. “ಸರ್ಕಾರಕ್ಕೇ ಟೋಪಿ ಹಾಕಿದೆ!” ಎಂದು ದನಗಾಹಿ ಸಾಯುವವರೆಗೂ ಒಳಗೊಳಗೇ ನಕ್ಕ.

ಕೆಲವು ವರ್ಷಗಳಲ್ಲೇ ದನಗಳಿಗೆ ದೊಡ್ಡರೋಗ ಬಡಿಯಿತು. ಅಳಿದುಳಿದದ್ದನ್ನು ಹೊಡೆದುಕೊಂಡು ಮನೆಯವರೆಲ್ಲ ಕೆಳಗಿನ ಊರಿಗೆ ಇಳಿದರು. ದನಗಾಹಿ ಅಲ್ಲೇ ಸತ್ತ, ಮೊಮ್ಮಗ ಅಲ್ಲೇ ಹುಟ್ಟಿದ. ಮೇಲೆ ಬತ್ತದ ಬುಗ್ಗೆಯೊಂದಿದೆ ಎನ್ನುವುದಷ್ಟೇ ಅವನಿಗೆ ಗೊತ್ತು. ಎಲ್ಲಿ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಊರಿನವರು ಗೋಮಾಳಕ್ಕೆ ಬೇಲಿ ಹಾಕಿ, ಅವನ ದನಗಳಿಗೆ ಕಲ್ಲು ಹೊಡೆದು ಓಡಿಸಿದರು. ಅವನು ಸಂತೆಯಲ್ಲಿ ಹುಡುಕಾಡಿ ಆ ಹಳೆಯ ನಕ್ಷೆಯನ್ನು ತಂದ. ಇಷ್ಟು ದನವೂ ಹೋದರೆ ಬದುಕುವ ದಾರಿಯಿಲ್ಲವೆಂದು ಅವುಗಳನ್ನು ಹೊಡೆದುಕೊಂಡು ಆ ಹುಲ್ಲುಗಾವಲಿಗೆ ಹತ್ತಿದ. ಹೆಂಡತಿ ಕೂಸನ್ನು ಕಟ್ಟಿಕೊಂಡು ಹಿಂದೆ ನಡೆದಳು.

ನೀಲಿ ಚುಕ್ಕಿಯ ಜಾಗದಲ್ಲಿ ಬರೀ ಕಲ್ಲು. ಅವನು ಅಗೆದ. ಉಗುರು ಕಿತ್ತುಬಂತು, ನೀರು ಬರಲಿಲ್ಲ. ಹಾಲು ಕೊಡುವ ಹಸುವೇ ಮೊದಲು ಬಿತ್ತು.

“ನಕ್ಷೆ ಬರೆದವನ ಕೈ ಸೇದಿಹೋಗ!” ಎಂದು ಕೂಗಿದ.

“ಪರಸ್ಥಳದವನಿಗೆ ಏನು ಗೊತ್ತು?” ಎಂದಳು ಹೆಂಡತಿ. “ಇಲ್ಲಿಯವನೇ ಯಾವನೋ ತೋರಿಸಿರಬೇಕು.”

ಅವನು ಹಿಡಿ ಮಣ್ಣು ತೆಗೆದು ಗಾಳಿಗೆ ತೂರಿದ. “ಹಾಗಾದರೆ ತೋರಿಸಿದವನ ವಂಶ ನಿರ್ವಂಶವಾಗ!”

ಅವಳ ಸೊಂಟದ ಮೇಲೆ ಕೂಸು ನೀರಿಗಾಗಿ ಅಳುತ್ತಿತ್ತು.

ಶಿಷ್ಯನ ನಗು ಆರಿತ್ತು. “ಕೂಸು ಉಳಿಯಿತೇ, ಗುರುಗಳೇ?” ಎಂದ.

“ಅದಿರಲಿ, ನಾಳೆ ಮೊದಲ ಸಲ ನಿನ್ನನ್ನು ನೋಡಲು ಬರುತ್ತೇನೆಂದು ನಿನ್ನ ತಾಯಿ ಹೇಳಿಕಳಿಸಿದ್ದಾಳಲ್ಲ, ಆ ಕವಲಿನಲ್ಲಿ ಅವಳು ಯಾವ ಕಡೆಗೆ ತಿರುಗುತ್ತಾಳೆ?”