ಶಾಖೆಗೆ ಸಿಗದ ಅನುಮತಿ

"ಬುದ್ಧಿ, ಪಕ್ಕದ ಊರಿನವರು ಜಾಗ ಕೊಟ್ಟಿದ್ದಾರೆ. ಮಕ್ಕಳು ಕಾದಿದ್ದಾರೆ. ಅಲ್ಲಿ ಪಾಠಶಾಲೆ ತೆರೆಯಲು ತಾವು ಇನ್ನೂ ಏಕೆ ಅಪ್ಪಣೆ ಕೊಡುತ್ತಿಲ್ಲ?" ಎಂದು ಅಡಿವೆಯ್ಯ ತನ್ನ ಗುರುಗಳನ್ನು ಕೇಳಿದ. ಮಠದ ಪಾಠಶಾಲೆಯನ್ನು ಹಲವು ವರ್ಷಗಳಿಂದ ಒಬ್ಬನೇ ನಡೆಸಿಕೊಂಡು ಬಂದವನು ಅವನು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ನೇಕಾರರ ಪತ್ತಿನ ಸಹಕಾರ ಸಂಘವಿತ್ತು. ಅದರ ಅಧ್ಯಕ್ಷ ಪ್ರಾಮಾಣಿಕ. ನಮ್ಮಲ್ಲೂ ಒಂದು ಶಾಖೆ ತೆರೆಯಿರಿ ಎಂದು ನೆರೆಯೂರಿನ ನೇಕಾರರು ಅವನ ಬೆನ್ನು ಹತ್ತಿದ್ದರು. ಶಾಖೆಗೆ ಸಹಕಾರ ಇಲಾಖೆಯ ಅನುಮತಿ ಬೇಕು. ಅದು ಬಂದೇ ಬರುತ್ತದೆಂದು ನಂಬಿದ ಅಧ್ಯಕ್ಷ ಮಳಿಗೆ ಹಿಡಿದ, ಬೋರ್ಡು ಬರೆಸಿದ, ಮುಹೂರ್ತವನ್ನೂ ಇಡಿಸಿದ. ಅನುಮತಿ ತಪ್ಪಿದರೆ ಎರಡೂ ಊರಿನಲ್ಲಿ ಅವನು ತಲೆ ಎತ್ತುವಂತಿರಲಿಲ್ಲ.

ತಪಾಸಣೆಗೆ ಅಧಿಕಾರಿ ಬಂದ. ಅಧ್ಯಕ್ಷ ಹೊಸ ಮಳಿಗೆ ತೋರಿಸಲು ಹೊರಟರೆ, "ಮೊದಲು ಇಲ್ಲಿಯದು ನೋಡೋಣ" ಎಂದು ಕುಳಿತುಬಿಟ್ಟ. ಲೆಕ್ಕ ಸರಿಯಿತ್ತು. ಅಧ್ಯಕ್ಷನ ಎದೆ ಹಗುರಾಯಿತು.

ಕೊನೆಗೆ ಅಧಿಕಾರಿ ತಿಜೋರಿ ತೆರೆಯಲು ಹೇಳಿದ. ಸಂಘದ ತಿಜೋರಿಗೆ ಎರಡು ಕೀಲಿ. ಒಂದು ಅಧ್ಯಕ್ಷನ ಬಳಿ, ಇನ್ನೊಂದು ಕಾರ್ಯದರ್ಶಿಯ ಬಳಿ ಇರಬೇಕು. ಒಬ್ಬನೇ ತೆರೆಯಬಾರದೆಂದೇ ಆ ಏರ್ಪಾಡು. ಅಧ್ಯಕ್ಷ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಎರಡನ್ನೂ ಬಿಚ್ಚಿದ.

"ಕಾರ್ಯದರ್ಶಿಯದೂ ನಿಮ್ಮಲ್ಲೇ ಇದೆಯಲ್ಲ?"

"ಅವನಿಗೆ ಮರೆವು, ಸಾಹೇಬರೇ. ನನ್ನ ಸೊಂಟದಲ್ಲಿದ್ದರೆ ಭದ್ರ. ನಾನು ಊರಲ್ಲಿಲ್ಲದ ದಿನ ಸಂಘದ ಬಾಗಿಲನ್ನೇ ತೆಗೆಯುವುದಿಲ್ಲ."

"ಅಲ್ಲಿಯ ತಿಜೋರಿಗೂ ಎರಡು ಕೀಲಿ ಬರುತ್ತವೆ. ಅಧ್ಯಕ್ಷರೇ, ನಿಮಗೆ ಸೊಂಟ ಎಷ್ಟು?"

ಕಾರ್ಯದರ್ಶಿ ನಗು ತಡೆಯಲಾರದೆ ಕೆಮ್ಮಿದ. ಅಧ್ಯಕ್ಷನಿಗೆ ಸಿಟ್ಟು ನೆತ್ತಿಗೇರಿತು.

"ನನ್ನಲ್ಲಿ ಕಳ್ಳತನ ಕಂಡಿರಾ?"

"ಕಳ್ಳತನ ಕಾಣಲಿಲ್ಲ. ಸಂಘವೂ ಕಾಣಲಿಲ್ಲ" ಎಂದು ಅಧಿಕಾರಿ ಎದ್ದ.

ಅನುಮತಿ ಬರಲಿಲ್ಲ. ಮುಹೂರ್ತ ಮೀರಿತು. ನೆರೆಯೂರಿನವರು ಮಳಿಗೆಯ ಮುಂದೆ ಬಂದು ಬೋರ್ಡು ಓದಿಕೊಂಡು ಹೋದರು.

ಕತೆ ಕೇಳಿದ ಅಡಿವೆಯ್ಯ, "ಅದು ಹಣದ ವ್ಯವಹಾರ, ಬುದ್ಧಿ. ಅಲ್ಲಿ ಅನುಮಾನ ಇರಬೇಕಾದದ್ದೇ. ನಾನು ತೆರೆಯುವುದು ಪಾಠಶಾಲೆ. ಅದಕ್ಕೆ ಇಷ್ಟೆಲ್ಲ ತಪಾಸಣೆ ಬೇಕೆ?" ಎಂದ.

ಗುರುಗಳು ಹೇಳಿದರು: "ಒಂದು ತಿಂಗಳು ಇಲ್ಲೇ ಸುಮ್ಮನೆ ಕುಳಿತಿರು, ನೀನು ಕೈಹಾಕದೆಯೂ ಪಾಠ ನಡೆದರೆ ಹೊರಡು."