ಅಜ್ಜ ಹೊತ್ತ ಕಲ್ಲು

ನಮ್ಮೂರ ಚರ್ಚಿಗೆ ನೂರು ವರ್ಷ ತುಂಬಿತು. ಸ್ಮರಣ ಸಂಚಿಕೆಗೆ ಇತಿಹಾಸ ಬರೆಯುವ ಕೆಲಸ ಚರ್ಚ್ ಆಫೀಸಿನ ಗುಮಾಸ್ತನ ಪಾಲಿಗೆ ಬಂತು. ಪಾಲನಾ ಮಂಡಳಿಯ ಉಪಾಧ್ಯಕ್ಷ ಬೊನಿಫಾಸ್ ರೆಬೆಲ್ಲೊ ಅವನ ಮೇಜು ಕುಟ್ಟಿದರು.

“ಈ ಚರ್ಚು ಕಟ್ಟಿಸಿದ್ದು ನಮ್ಮಜ್ಜ. ಹಾಗೇ ಬರಿ. ಇಲ್ಲದಿದ್ದರೆ ಸೋಮವಾರದಿಂದ ಕೆಲಸಕ್ಕೆ ಬರಬೇಡ.”

“ಬರೆಯುತ್ತೇನೆ ಸರ್. ಆದರೆ ಇಂಥ ದೊಡ್ಡ ವಿಷಯ ಪುಸ್ತಕದಲ್ಲಿದ್ದರೆ ಸಾಕೇ? ಮದುವೆಯ ಹೆಸರು ಓದುವ ಹಾಗೆ ಮೂರು ಭಾನುವಾರ ಪೂಜೆಯಲ್ಲೂ ಓದಿಸೋಣ.”

ಬೊನಿಫಾಸರ ಎದೆ ಉಬ್ಬಿತು. ಮದುವೆಗೆ ಮುಂಚೆ ಗಂಡು ಹೆಣ್ಣಿನ ಹೆಸರು ಓದಿ, ‘ತಕರಾರಿದ್ದವರು ಫಾದರಿಗೆ ತಿಳಿಸಿ’ ಎನ್ನುವುದು ಚರ್ಚಿನ ಪದ್ಧತಿ. ಗುಮಾಸ್ತ ಪದ್ಧತಿ ಮೀರುವವನಲ್ಲ. ಆ ಸಾಲನ್ನೂ ಸೇರಿಸಿದ.

ಮೊದಲ ಭಾನುವಾರ ಪೂಜೆ ಮುಗಿಯಿತು. ಅಭಿನಂದನೆ ಸ್ವೀಕರಿಸಲು ಬೊನಿಫಾಸರು ಬಾಗಿಲಲ್ಲಿ ನಿಂತರು. ಯಾರೂ ಬರಲಿಲ್ಲ. ಊರಿಗೆ ಊರೇ ಫಾದರ್ ಕೋಣೆಯ ಮುಂದೆ ಸಾಲುಗಟ್ಟಿತ್ತು. ಎಲ್ಲರಿಗಿಂತ ಮುಂದೆ ತೊಂಬತ್ತು ದಾಟಿದ ಮುದುಕಿ ಕರ್ಮಿನ್ ಬಾಯಿ.

“ಇವನಜ್ಜ ಕಲ್ಲು ಹೊತ್ತದ್ದು ನಿಜ ಫಾದರ್, ನನ್ನಮ್ಮ ಕಣ್ಣಾರೆ ಕಂಡಿದ್ದಾಳೆ. ಚರ್ಚಿಗೆ ಹೊತ್ತದ್ದಲ್ಲ, ಚರ್ಚಿನಿಂದ ಹೊತ್ತದ್ದು. ಬೇಕಾದರೆ ಇವರ ಮನೆ ಮೆಟ್ಟಿಲು ನೋಡಿ.”

ಬೊನಿಫಾಸರು ಆಫೀಸಿಗೆ ಓಡಿದರು.

“ಮಾರಾಯ್ರೆ, ಓದುವುದನ್ನು ನಿಲ್ಲಿಸಿ!”

“ಇನ್ನೂ ಎರಡು ಭಾನುವಾರ ಬಾಕಿ ಇದೆ ಸರ್. ನಿಲ್ಲಿಸಿದರೆ ಜನ ಕಾರಣ ಕೇಳುತ್ತಾರೆ. ಕಾರಣವನ್ನೇ ಓದಿಸಲೇ?”

ಸೋಮವಾರ ಗುಮಾಸ್ತ ಎಂದಿನಂತೆ ಕೆಲಸಕ್ಕೆ ಬಂದ. ಸಂಚಿಕೆಯಲ್ಲಿ ‘ಚರ್ಚನ್ನು ಊರವರು ಕಟ್ಟಿದರು’ ಎಂದಿದೆ. ಕರಡು ನೋಡಿದವರು ಬೊನಿಫಾಸರೇ. ಒಂದು ತಪ್ಪೂ ಸಿಗಲಿಲ್ಲವಂತೆ.